ದರ್ಜಿಯ ಮಗ ದೇಶದ ಯೋಧನಾದ ಕಥೆ

1966ರ ಜನವರಿ 26. ದಿಲ್ಲಿಯ ರಾಜಪಥ. ಇಂದು ನಾವು ಕರ್ತವ್ಯ ಪಥ ಎಂದು ಕರೆಯುವ ಅದೇ ಹೆದ್ದಾರಿ. ಗಣರಾಜ್ಯೋತ್ಸವ ನೋಡಲು ಜನಸಾಗರ ಸೇರಿತ್ತು. ಯುದ್ಧ ಮುಗಿದು ನಾಲ್ಕು ತಿಂಗಳಾಗಿತ್ತಷ್ಟೆ. ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಿಗೇ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಹೋಗಿ ಹದಿನೈದು ದಿನಗಳಾಗಿದ್ದವು. ಆ ದಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅವರ ಮುಂದೆ ಒಬ್ಬ ಹಳ್ಳಿಯ ಹೆಣ್ಣುಮಗಳು ಬಂದು ನಿಂತರು. ಹೆಸರು ರಸೂಲನ್ ಬೀಬಿ. ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಧಾಮೂಪುರದವರು. ದೇಶದ ಅತ್ಯುನ್ನತ ಶೌರ್ಯ ಪದಕವಾದ ಪರಮವೀರ ಚಕ್ರವನ್ನು ರಾಷ್ಟ್ರಪತಿಗಳು ಆಕೆಯ ಕೈಗಿತ್ತರು. ಅದನ್ನು ಗಳಿಸಿದ್ದ ಆಕೆಯ ಪತಿ ಅಬ್ದುಲ್ ಹಮೀದ್ ಪಂಜಾಬಿನ ಗಡಿಯ ಮಣ್ಣಿನಲ್ಲಿ ಮಲಗಿದ್ದರು.

ಓದುಗರೇ, ಒಂದು ಲೆಕ್ಕ ಹಾಕಿ ನೋಡಿ. ಹಮೀದ್ ಹುತಾತ್ಮರಾದದ್ದು 1965ರ ಸೆಪ್ಟೆಂಬರ್ 10ರಂದು. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಇದ್ದತ್‌ನ ಅವಧಿ ನಾಲ್ಕು ತಿಂಗಳು ಹತ್ತು ದಿನ. ಚಾಂದ್ರಮಾನದ ಲೆಕ್ಕದಲ್ಲಿ ಅದು ಮುಗಿಯುವುದು ಜನವರಿಯ ನಡುವಿನಲ್ಲಿ, ಆ ವರ್ಷದ ರಮಝಾನ್‌ನ ಕೊನೆಯ ಹತ್ತರಲ್ಲಿ. ಅಂದರೆ ಇದ್ದತ್ ಕಳೆದು, ಗಂಡನಿಲ್ಲದ ಮೊದಲ ಈದುಲ್ ಫಿತ್ರ್ ಕಳೆದು, ಕೆಲವೇ ದಿನಗಳಲ್ಲಿ ಆಕೆ ದಿಲ್ಲಿಯ ಆ ವೇದಿಕೆಯ ಮುಂದೆ ನಿಂತಿದ್ದರು. ನಾವು ಟಿ.ವಿ.ಯಲ್ಲಿ, ಪತ್ರಿಕೆಗಳಲ್ಲಿ ಪದಕ ಸ್ವೀಕರಿಸುವ ವಿಧವೆಯರನ್ನು ನೋಡುತ್ತೇವೆ. ಕಣ್ಣು ತೇವವಾಗುತ್ತದೆ, ಮರೆಯುತ್ತೇವೆ. ಆ ಕೈಗಳು ಮರುದಿನ ಯಾವ ಮನೆಗೆ ಮರಳಿದವು, ಯಾವ ಒಲೆ ಹೊತ್ತಿಸಿದವು ಎಂದು ಯೋಚಿಸುವುದು ಕಡಿಮೆ.

ಅಬ್ದುಲ್ ಹಮೀದರ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ಕೇಳಿದ್ದಾರೆ. ಆಗಸ್ಟ್ 15ರಂದು ಭಾಷಣಗಳಲ್ಲಿ ಆ ಹೆಸರು ಬರುತ್ತದೆ. ಆದರೆ ಹೆಸರಿನ ಆಚೆ ಆ ಮನುಷ್ಯ ಯಾರು, ಅವರ ಮನೆ ಎಂಥದು, ಅವರ ಧೈರ್ಯ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಉತ್ತರ ಗೊತ್ತು? ಬನ್ನಿ, ಆ ಬದುಕನ್ನು ಒಮ್ಮೆ ಕ್ರಮವಾಗಿ ನೋಡೋಣ.

ಹೊಲಿಗೆಯ ಮನೆಯಿಂದ ಪಲ್ಟನ್‌ಗೆ

ಗಾಝೀಪುರ ಗಂಗೆಯ ದಡದ ಜಿಲ್ಲೆ. ಸೈನ್ಯಕ್ಕೆ ಮಕ್ಕಳನ್ನು ಕಳಿಸುವುದು ಅಲ್ಲಿ ತಲೆಮಾರುಗಳಿಂದ ಬಂದ ರೂಢಿ. ಅದೇ ಜಿಲ್ಲೆಯ ಗಹ್ಮರ್ ಎಂಬ ಊರನ್ನು ಸೈನಿಕರ ಊರೆಂದೇ ಕರೆಯುತ್ತಾರೆ. ಆ ಜಿಲ್ಲೆಯ ಧಾಮೂಪುರ ಎಂಬ ಹಳ್ಳಿಯಲ್ಲಿ 1933ರ ಜುಲೈ 1ರಂದು ಅಬ್ದುಲ್ ಹಮೀದ್ ಹುಟ್ಟಿದರು. ತಂದೆ ಮುಹಮ್ಮದ್ ಉಸ್ಮಾನ್, ತಾಯಿ ಸಕೀನಾ ಬೇಗಂ. ತಂದೆಯ ಕಸುಬು ಬಟ್ಟೆ ಹೊಲಿಯುವುದು. ಬಡತನದ ಮನೆ. ಮಗನೂ ತಂದೆಯ ಪಕ್ಕ ಕುಳಿತು ಹೊಲಿಗೆ ಕಲಿತರು, ಕೆಲಸದಲ್ಲಿ ಕೈಜೋಡಿಸಿದರು.

ಆದರೆ ಹುಡುಗನ ಮನಸ್ಸು ಸೂಜಿದಾರದಲ್ಲಿ ನಿಲ್ಲಲಿಲ್ಲ. ಕುಸ್ತಿ, ಈಜು, ದೊಣ್ಣೆವರಸೆ ಇವುಗಳಲ್ಲಿ ಆಸಕ್ತಿ. 1954ರ ಡಿಸೆಂಬರ್ 27ರಂದು, ತನ್ನ 21ನೆಯ ವಯಸ್ಸಿನಲ್ಲಿ, ಅವರು ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿಗೆ ಸೇರಿದರು. ನಂತರ ಅದರ 4ನೇ ಬೆಟಾಲಿಯನ್‌ಗೆ ನಿಯೋಜನೆಯಾಯಿತು. ಕೊನೆಯ ಉಸಿರಿನವರೆಗೂ ಅದೇ ಅವರ ಪಲ್ಟನ್. ಆಗ್ರಾ, ಅಮೃತಸರ, ಜಮ್ಮು ಮತ್ತು ಕಾಶ್ಮೀರ, ದಿಲ್ಲಿ, ಈಶಾನ್ಯದ ಗಡಿ ಎಂದು ಪಲ್ಟನ್ ಹೋದಲ್ಲೆಲ್ಲ ಹೋದರು.

ಸೈನಿಕನ ಸಂಸಾರ ಹೇಗಿರುತ್ತದೆ ಎಂಬುದು ಗಲ್ಫ್‌ನಲ್ಲಿ ದುಡಿಯುವವರ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ರಜೆ. ಬಂದಾಗ ಮನೆ ತುಂಬ ಹಬ್ಬ. ಹೋದಾಗ ಅಂಗಳ ಖಾಲಿ. ಮಕ್ಕಳು ತಂದೆಯನ್ನು ಗುರುತು ಹಿಡಿಯುವ ಹೊತ್ತಿಗೆ ರಜೆ ಮುಗಿದಿರುತ್ತದೆ. ರಸೂಲನ್ ಬೀಬಿಯ ಸಂಸಾರವೂ ಹಾಗೆಯೇ ನಡೆಯಿತು. ಗಂಡ ಗಡಿಯಲ್ಲಿ, ಹೆಂಡತಿ ಹಳ್ಳಿಯಲ್ಲಿ, ನಡುವೆ ಪತ್ರಗಳು ಮತ್ತು ದುಆಗಳು. ಒಂದು ವ್ಯತ್ಯಾಸವಿತ್ತು. ಗಡಿಯಲ್ಲಿದ್ದವರು ಮರಳಿ ಬರುತ್ತಾರೆಂಬ ಖಾತ್ರಿ ಇರಲಿಲ್ಲ.

1962: ಸೋಲು ಕಲಿಸಿದ ಪಾಠ

ಹಮೀದ್ ಎಂದರೆ 1965ರ ಯುದ್ಧವೇ ನಮ್ಮ ಕಣ್ಣಮುಂದೆ ಬರುತ್ತದೆ. ಅದಕ್ಕೂ ಮೂರು ವರ್ಷ ಮೊದಲೇ ಅವರು ಒಂದು ಯುದ್ಧವನ್ನು ಕಂಡಿದ್ದರು, ಅದರ ಕಹಿಯನ್ನು ಉಂಡಿದ್ದರು ಎಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ.

1962ರಲ್ಲಿ ಚೀನಾ ದಾಳಿ ಮಾಡಿದಾಗ 4ನೇ ಗ್ರೆನೇಡಿಯರ್ಸ್ ಬೆಟಾಲಿಯನ್ ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡಿನ ಭಾಗವಾಗಿತ್ತು. ಇಂದಿನ ಅರುಣಾಚಲದ ನಾಮ್ಕಾ ಚು ಎಂಬ ತೊರೆಯ ದಡದಲ್ಲಿ ಆ ಬ್ರಿಗೇಡ್ ನೆಲೆ ನಿಂತಿತ್ತು. ಚಳಿಗೆ ತಕ್ಕ ಬಟ್ಟೆಯಿಲ್ಲ, ಸಾಕಷ್ಟು ಮದ್ದುಗುಂಡು ಇಲ್ಲ, ರಸ್ತೆಯಿಲ್ಲ. ಅಕ್ಟೋಬರ್ 20ರ ಬೆಳಿಗ್ಗೆ ಚೀನೀ ಸೈನ್ಯ ಮೇಲೆರಗಿತು. ಬ್ರಿಗೇಡ್ ನುಚ್ಚುನೂರಾಯಿತು. ಬ್ರಿಗೇಡಿಯರ್ ದಳವಿಯವರೇ ಸೆರೆಸಿಕ್ಕರು. ಇದೇ ಪಲ್ಟನ್‌ನ ಸೆಕೆಂಡ್ ಲೆಫ್ಟಿನೆಂಟ್ ಜಿ.ವಿ.ಪಿ. ರಾವ್ ಅಲ್ಲಿ ಹೋರಾಡಿ ಮಡಿದು ಮರಣೋತ್ತರ ಮಹಾವೀರ ಚಕ್ರ ಪಡೆದರು. ಸುತ್ತುವರಿಯಲ್ಪಟ್ಟು ಸಂಪರ್ಕ ಕಡಿದುಹೋಗಿದ್ದ ಗ್ರೆನೇಡಿಯರ್‌ಗಳು ಕಾಲ್ನಡಿಗೆಯಲ್ಲಿ ಭೂತಾನ್ ಮೂಲಕ ಅಸ್ಸಾಮಿನ ಮಿಸಾಮರಿ ತಲುಪಿದರು.

ಸೋತು ಬಂದವರ ಮನಸ್ಸು ಎರಡು ರೀತಿ ಆಗಬಹುದು. ಒಂದು, ಮುರಿದುಹೋಗುವುದು. ಇನ್ನೊಂದು, ಮುಂದಿನ ಸಲ ಹೀಗಾಗಬಾರದೆಂದು ತನ್ನ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಕಲಿಯುವುದು. ಹಮೀದರ ಮುಂದಿನ ಬದುಕು ನೋಡಿದರೆ ಅವರು ಎರಡನೆಯ ಗುಂಪಿನವರು ಎಂಬುದರಲ್ಲಿ ಸಂಶಯವಿಲ್ಲ.

ಉಗ್ರಾಣದ ಹವಾಲ್ದಾರ್

ಯುದ್ಧಾನಂತರ ಪಲ್ಟನ್ ಅಂಬಾಲಕ್ಕೆ ಬಂತು. ಅಲ್ಲಿ ಹಮೀದರಿಗೆ ಸಿಕ್ಕ ಹುದ್ದೆ ಕಂಪೆನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಸರಳವಾಗಿ ಹೇಳುವುದಾದರೆ ಕಂಪೆನಿಯ ಉಗ್ರಾಣದ ಹೊಣೆ. ಸೈನಿಕರಿಗೆ ಸಮವಸ್ತ್ರ, ಬೂಟು, ಕಂಬಳಿ, ಪಡಿತರ ಸಮಯಕ್ಕೆ ಸಿಗುವಂತೆ ನೋಡಿಕೊಳ್ಳುವುದು, ಲೆಕ್ಕ ಇಡುವುದು. ವೀರಗಾಥೆಗಳಲ್ಲಿ ಬರುವಂಥ ಕೆಲಸವಲ್ಲ. ಆದರೆ ಚಳಿಬಟ್ಟೆಯಿಲ್ಲದೆ ನಾಮ್ಕಾ ಚುವಿನಲ್ಲಿ ನಿಂತಿದ್ದ ಪಲ್ಟನ್‌ಗೆ ಉಗ್ರಾಣದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಮೀದರಿಗೆ ಇನ್ನೊಂದು ಕೈಗುಣವಿತ್ತು. ಐದು ವರ್ಷ ಅವರು ಟ್ಯಾಂಕ್ ನಿರೋಧಕ ವಿಭಾಗದಲ್ಲಿ ದುಡಿದಿದ್ದರು. 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ ಎಂಬ ಆಯುಧ ಹಾರಿಸುವುದರಲ್ಲಿ ಇಡೀ ಬೆಟಾಲಿಯನ್‌ನಲ್ಲಿ ಅವರೇ ಮೊದಲಿಗರು. ಈ ಗನ್ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ. ಇದು ಉದ್ದನೆಯ ಒಂದು ಕೊಳವೆ. ಜೀಪಿನ ಮೇಲೆ ಕೂರಿಸುತ್ತಾರೆ. ಮೊದಲು ಅದಕ್ಕೇ ಜೋಡಿಸಿದ ಸಣ್ಣ ಬಂದೂಕಿನಿಂದ ಒಂದು ಗುಂಡು ಹಾರಿಸಿ ಗುರಿ ಸರಿಯಿದೆಯೇ ಎಂದು ನೋಡುತ್ತಾರೆ. ಬಳಿಕ ದೊಡ್ಡ ಶೆಲ್ ಹಾರಿಸುತ್ತಾರೆ. ಹಾರಿಸುವಾಗ ಹಿಂದಿನಿಂದ ಬೆಂಕಿಯೂ ಧೂಳೂ ಭಾರೀ ಪ್ರಮಾಣದಲ್ಲಿ ಚಿಮ್ಮುತ್ತವೆ. ಅಂದರೆ ಒಂದು ಶೆಲ್ ಹೊಡೆದ ಕ್ಷಣವೇ ನೀವು ಎಲ್ಲಿದ್ದೀರಿ ಎಂದು ಶತ್ರುವಿಗೆ ತಿಳಿದುಹೋಗುತ್ತದೆ. ಕೂಡಲೇ ಜಾಗ ಬದಲಿಸಬೇಕು. ಜೀಪಿಗೆ ಉಕ್ಕಿನ ರಕ್ಷಣೆ ಇಲ್ಲ. ಗುರಿ ತಪ್ಪಿದರೆ ಎರಡನೆಯ ಅವಕಾಶ ಸಿಗುವುದೇ ಅನುಮಾನ.

1965ರಲ್ಲಿ ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿದಾಗ ಪಲ್ಟನ್‌ನ ಟ್ಯಾಂಕ್ ನಿರೋಧಕ ತುಕಡಿಗೆ ನಾಯಕನಿರಲಿಲ್ಲ. ಆಗ ಕಮಾಂಡರ್ ಉಗ್ರಾಣದ ಹವಾಲ್ದಾರರನ್ನೇ ಕರೆದು ಮತ್ತೆ ಆ ಹೊಣೆ ವಹಿಸಿದರು.

ಹಗ್ಗ ಹರಿದ ದಿನ

ಕರೆ ಬಂದಾಗ ಹಮೀದ್ ರಜೆಯಲ್ಲಿ ಊರಲ್ಲಿದ್ದರು. ಆ ದಿನದ ಒಂದು ಸಣ್ಣ ಘಟನೆಯನ್ನು ರಸೂಲನ್ ಬೀಬಿ ಮುಂದೆ ತಮ್ಮನ್ನು ನೋಡಲು ಬಂದವರೊಡನೆ ಹೇಳಿಕೊಳ್ಳುತ್ತಿದ್ದರು. ಹೊರಡುವ ಗಡಿಬಿಡಿಯಲ್ಲಿ ಹಾಸಿಗೆಯ ಕಟ್ಟು ಬಿಗಿಯುತ್ತಿದ್ದಾಗ ಅದರ ಹಗ್ಗ ಹರಿದುಹೋಯಿತು. ಹೆಂಡತಿಯ ಎದೆ ಧಸಕ್ಕೆಂದಿತು. ಇವತ್ತು ಹೋಗಬೇಡಿ, ನಾಳೆ ಹೋದರಾಯಿತು ಎಂದು ಬೇಡಿಕೊಂಡರು. ಗಂಡ ಒಪ್ಪಲಿಲ್ಲ. ಕರೆ ಬಂದಿದೆ, ಹೋಗಲೇಬೇಕು ಎಂದು ಹೊರಟುಬಿಟ್ಟರು.

ಅಪಶಕುನದಲ್ಲಿ ನಂಬಿಕೆ ಇಡಬಾರದು ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಆ ದಿನ ಹಮೀದ್ ನಡೆದುಕೊಂಡದ್ದು ಹಾಗೆಯೇ. ಆದರೂ ರಸೂಲನ್ ಬೀಬಿಯ ಮೇಲೆ ತಪ್ಪು ಹೊರಿಸಲು ಮನಸ್ಸಾಗುವುದಿಲ್ಲ. ಯುದ್ಧಕ್ಕೆ ಹೊರಟ ಗಂಡನನ್ನು ಇನ್ನೊಂದು ದಿನ ಮನೆಯಲ್ಲಿ ಉಳಿಸಿಕೊಳ್ಳಲು ಹೆಣ್ಣಿನ ಮನಸ್ಸಿಗೆ ಒಂದು ನೆಪ ಬೇಕಿತ್ತು. ಹರಿದ ಹಗ್ಗ ಆ ನೆಪವಾಯಿತು, ಅಷ್ಟೆ. ನಮ್ಮ ಮನೆಗಳಲ್ಲೂ ವಿಮಾನ ನಿಲ್ದಾಣಕ್ಕೆ ಹೊರಟವರನ್ನು ಬಾಗಿಲಲ್ಲಿ ತಡೆದು, ಏನಾದರೂ ಮರೆತಿದ್ದೀರಾ ನೋಡಿ ಎಂದು ತಾಯಂದಿರು ಕೇಳುವುದು ಇದೇ ಪ್ರೀತಿಯಿಂದಲ್ಲವೇ?

ಆ ಮನೆಯಲ್ಲಿ ಅವರಿಬ್ಬರ ಕೊನೆಯ ಮಾತುಕತೆ ಇದೇ ಆಯಿತು.

ಅಸಲ್ ಉತ್ತರ್

ಪಂಜಾಬಿನ ಖೇಮ್‌ಕರಣ್ ಗಡಿಗೆ ಹತ್ತಿರದಲ್ಲಿ ಅಸಲ್ ಉತ್ತರ್ ಎಂಬ ಹಳ್ಳಿಯಿದೆ. ಹೆಸರು ಕೇಳಿದರೆ ಕನ್ನಡಿಗರಿಗೂ ಅರ್ಥವಾಗುತ್ತದೆ: ಅಸಲಿ ಉತ್ತರ, ತಕ್ಕ ಉತ್ತರ. ಊರಿಗೆ ಆ ಹೆಸರು ಮೊದಲೇ ಇತ್ತು. 1965ರ ಸೆಪ್ಟೆಂಬರ್‌ನಲ್ಲಿ ಅದು ನಿಜವಾಯಿತು.

ಪಾಕಿಸ್ತಾನದ 1ನೇ ಟ್ಯಾಂಕ್ ಡಿವಿಷನ್ ಖೇಮ್‌ಕರಣ್ ದಾಟಿ ನುಗ್ಗಿತ್ತು. ಬಿಯಾಸ್ ನದಿಯ ಸೇತುವೆಯವರೆಗೆ ಹೋಗಿ ಹೆದ್ದಾರಿಯನ್ನು ಕಡಿದರೆ ಅಮೃತಸರ ದೇಶದಿಂದ ಬೇರ್ಪಡುತ್ತಿತ್ತು. ಅವರ ಬಲ ಅಮೆರಿಕ ಕೊಟ್ಟಿದ್ದ ಪ್ಯಾಟನ್ ಟ್ಯಾಂಕುಗಳು. ಒಂದೊಂದೂ ಸುಮಾರು 45 ಟನ್ ಉಕ್ಕು. ಅವುಗಳನ್ನು ತಡೆಯುವುದು ಅಸಾಧ್ಯ ಎಂಬ ಮಾತು ಆಗ ಹರಡಿತ್ತು. ಎದುರಿಗಿದ್ದದ್ದು ಮೇಜರ್ ಜನರಲ್ ಗುರ್‌ಬಕ್ಷ್ ಸಿಂಗ್ ಅವರ 4ನೇ ಪರ್ವತ ಡಿವಿಷನ್. ಜೊತೆಗೆ ಬ್ರಿಗೇಡಿಯರ್ ಥಿಯೋಗರಾಜ್ ಅವರ ಟ್ಯಾಂಕ್ ಬ್ರಿಗೇಡ್. ಭಾರತೀಯ ಸೇನೆ ಹಿಂದೆ ಸರಿದು ಕುದುರೆ ಲಾಳದ ಆಕಾರದಲ್ಲಿ ವ್ಯೂಹ ರಚಿಸಿತು. ಕಾಲುವೆ ಒಡೆದು ಹೊಲಗಳಿಗೆ ನೀರು ಬಿಡಲಾಯಿತು. ಆಳೆತ್ತರ ಬೆಳೆದಿದ್ದ ಕಬ್ಬಿನ ಗದ್ದೆಗಳಲ್ಲಿ ಗನ್‌ಗಳು ಅಡಗಿ ಕುಳಿತವು. ಚೀಮಾ ಹಳ್ಳಿಯ ಮುಂದಿನ ನೆಲೆಯನ್ನು 4ನೇ ಗ್ರೆನೇಡಿಯರ್ಸ್ ಕಾಯುತ್ತಿತ್ತು.

ಸೆಪ್ಟೆಂಬರ್ 8ರಿಂದಲೇ ಆ ಗದ್ದೆಗಳಲ್ಲಿ ಕಾದಾಟ ನಡೆದಿತ್ತು. 10ರ ಬೆಳಿಗ್ಗೆ 8 ಗಂಟೆಗೆ ಪ್ಯಾಟನ್‌ಗಳ ಒಂದು ಇಡೀ ರೆಜಿಮೆಂಟ್ ನುಗ್ಗಿತು. ಅದಕ್ಕೆ ಮೊದಲು ಶೆಲ್‌ಗಳ ಸುರಿಮಳೆ. 9 ಗಂಟೆಯ ಹೊತ್ತಿಗೆ ಟ್ಯಾಂಕುಗಳು ಮುಂಚೂಣಿಯ ನೆಲೆಯೊಳಗೆ ಬಂದುಬಿಟ್ಟಿದ್ದವು. ಪರಿಸ್ಥಿತಿ ಕೈಮೀರುತ್ತಿದೆ ಎಂದು ಕಂಡ ಹಮೀದ್ ತಮ್ಮ ಜೀಪನ್ನು ಪಕ್ಕಕ್ಕೆ ಓಡಿಸಿ ಸರಿಯಾದ ಜಾಗ ಹಿಡಿದರು. ಮುಂದಿದ್ದ ಟ್ಯಾಂಕನ್ನು ಒಂದೇಟಿಗೆ ಕೆಡವಿದರು. ತಕ್ಷಣ ಜಾಗ ಬದಲಿಸಿದರು. ಇನ್ನೊಂದು ಟ್ಯಾಂಕ್ ಹೊತ್ತಿ ಉರಿಯಿತು. ಅಷ್ಟರಲ್ಲಿ ಉಳಿದ ಟ್ಯಾಂಕುಗಳು ಅವರನ್ನು ಪತ್ತೆಹಚ್ಚಿದ್ದವು. ಜೀಪಿನ ಮೇಲೆ ಮೆಷಿನ್ ಗನ್‌ಗಳ ಗುಂಡು, ಶೆಲ್‌ಗಳು ಒಟ್ಟಾಗಿ ಬಿದ್ದವು. ಹಿಂದೆ ಸರಿಯಲು ಅವಕಾಶವಿದ್ದರೂ ಅವರು ಮೂರನೆಯ ಟ್ಯಾಂಕಿಗೆ ಗುರಿಯಿಟ್ಟು ಹಾರಿಸಿದರು. ಆಗಲೇ ಶೆಲ್ ಒಂದು ಬಂದು ಬಡಿಯಿತು. ಅಲ್ಲಿಗೆ 32 ವರ್ಷದ ಆ ಬದುಕು ಮುಗಿಯಿತು.

ಇದು ಪರಮವೀರ ಚಕ್ರದ ಪ್ರಶಸ್ತಿ ಪತ್ರ ಹೇಳುವ ಕಥೆ. ಹಿಂದಿನ ಎರಡು ದಿನಗಳ ಕಾದಾಟವನ್ನೂ ಸೇರಿಸಿ ಪಲ್ಟನ್‌ನವರು ಎಣಿಸುವ ಟ್ಯಾಂಕುಗಳ ಸಂಖ್ಯೆ ಇನ್ನೂ ಹೆಚ್ಚು. ಆದರೆ ಸಂಖ್ಯೆಗಿಂತ ಮುಖ್ಯವಾದದ್ದು ಬೇರೆ. ಉಕ್ಕಿನ ಗೋಡೆಯೊಳಗೆ ಕುಳಿತವರನ್ನು ಬಯಲಲ್ಲಿ ಜೀಪಿನ ಮೇಲೆ ನಿಂತವನು ತಡೆದ. ಅದನ್ನು ಕಂಡ ಇಡೀ ಪಲ್ಟನ್ ಗಟ್ಟಿಯಾಗಿ ನಿಂತಿತು. ಭಾರತದ ಲೆಕ್ಕದ ಪ್ರಕಾರ ಆ ರಣರಂಗದಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕುಗಳು 97. ನೀರು ತುಂಬಿದ ಗದ್ದೆಗಳಲ್ಲಿ ಹೂತು ಸಿಕ್ಕಿದ ಪ್ಯಾಟನ್‌ಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದಾಗ ಜನ ಆ ಜಾಗವನ್ನು ಪ್ಯಾಟನ್ ನಗರ ಎಂದೇ ಕರೆದರು.

ಇಲ್ಲಿ ಒಂದು ವಿಷಯ ಗಮನಿಸಿ. ಹಮೀದರ ಧೈರ್ಯ ಆ ಕ್ಷಣಕ್ಕೆ ಉಕ್ಕಿದ ಆವೇಶ ಮಾತ್ರ ಆಗಿರಲಿಲ್ಲ. ಐದು ವರ್ಷ ದಿನವೂ ಅದೇ ಗನ್ ಒರೆಸಿ, ಅದೇ ಗುರಿ ಅಭ್ಯಾಸ ಮಾಡಿ, ಹೊಡೆದು ಜಾಗ ಬದಲಿಸುವುದನ್ನು ರೂಢಿಸಿಕೊಂಡಿದ್ದ ಕೈಗಳವು. ಬೇಕಾದ ದಿನ ಆ ಕೈಗಳು ನಡುಗಲಿಲ್ಲ. ದೇಶಪ್ರೇಮ ಎಂದರೆ ಘೋಷಣೆ ಎಂದುಕೊಂಡ ಮಕ್ಕಳಿಗೆ ಈ ಭಾಗವನ್ನು ವಿಶೇಷವಾಗಿ ಹೇಳಬೇಕು. ತನಗೆ ಒಪ್ಪಿಸಿದ ಕೆಲಸವನ್ನು ಯಾರೂ ನೋಡದಿದ್ದಾಗಲೂ ಚೆನ್ನಾಗಿ ಕಲಿಯುವುದು ಅದರ ಮೊದಲ ಪಾಠ.

ಮನೆಗೆ ಬಂದದ್ದು ಸುದ್ದಿ ಮಾತ್ರ

ಹಮೀದರನ್ನು ಅವರು ಕಾದಾಡಿದ ಆ ಮಣ್ಣಿನಲ್ಲೇ ದಫನ ಮಾಡಲಾಯಿತು. ಮೃತದೇಹ ಊರಿಗೆ ಬರಲಿಲ್ಲ. ಕೊನೆಯ ಸಲ ಮುಖ ನೋಡುವ ಭಾಗ್ಯ ತಾಯಿಗೂ ಇಲ್ಲ, ಹೆಂಡತಿಗೂ ಇಲ್ಲ, ಐವರು ಮಕ್ಕಳಿಗೂ ಇಲ್ಲ. ಮನೆಗೆ ಬಂದದ್ದು ಸುದ್ದಿ. ಒಂದು ವಾರದೊಳಗೇ ಪರಮವೀರ ಚಕ್ರದ ಘೋಷಣೆಯೂ ಆಯಿತು.

ಆ ಯುದ್ಧ ನಮ್ಮ ಕರ್ನಾಟಕದ ಮನೆಗಳನ್ನೂ ತಟ್ಟದೆ ಬಿಡಲಿಲ್ಲ. ಮಡಿಕೇರಿಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ ವಾಯುಪಡೆಯ ಪೈಲಟ್. ಕದನ ವಿರಾಮದ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಅವರ ವಿಮಾನ ಉರುಳಿತು. ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಪಾಕ್ ಅಧ್ಯಕ್ಷ ಅಯೂಬ್ ಖಾನ್ ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನಿಗಾಗಿ ವಿಶೇಷ ಏರ್ಪಾಡು ಮಾಡಲು ಅವರು ಮುಂದಾದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕೊಡಗಿನಿಂದ ಹೋಯಿತು. ಆ ಮಗ ಮುಂದೆ ಬಿಡುಗಡೆಯಾಗಿ ಮನೆಗೆ ಬಂದರು. ಕೊಡಗಿನ ಜನರಲ್‌ನ ಮನೆಯಾಗಲಿ, ಗಾಝೀಪುರದ ದರ್ಜಿಯ ಮನೆಯಾಗಲಿ, ಯುದ್ಧಕ್ಕೆ ಮಗನನ್ನು ಕಳಿಸಿದವರ ಕಾಯುವಿಕೆ ಒಂದೇ. ಕೆಲವರ ಬಾಗಿಲಿಗೆ ಮಗ ಬರುತ್ತಾನೆ, ಕೆಲವರ ಬಾಗಿಲಿಗೆ ತಂತಿ ಬರುತ್ತದೆ.

54 ವರ್ಷಗಳ ಕಾವಲು

ಹಮೀದರು ಸೇನೆಯಲ್ಲಿದ್ದದ್ದು ಸುಮಾರು 11 ವರ್ಷ. ಅವರ ನೆನಪನ್ನು ರಸೂಲನ್ ಬೀಬಿ ಕಾದದ್ದು ಸುಮಾರು 54 ವರ್ಷ. ಈ ಎರಡನೆಯ ಸೇವೆಗೆ ಯಾವ ಪದಕವೂ ಇಲ್ಲ.

ಮಕ್ಕಳನ್ನು ಬೆಳೆಸಿದರು. ಮೊಮ್ಮಕ್ಕಳನ್ನು ಕಂಡರು. ಹೊರಗಿನ ಜಗತ್ತು ಹಮೀದರನ್ನು ತನ್ನದೇ ರೀತಿಯಲ್ಲಿ ನೆನೆಯಿತು. ಅದೇ ಗಾಝೀಪುರ ಜಿಲ್ಲೆಯ ಸಾಹಿತಿ, ಮುಂದೆ ದೂರದರ್ಶನದ ಮಹಾಭಾರತ ಧಾರಾವಾಹಿಗೆ ಸಂಭಾಷಣೆ ಬರೆದ ರಾಹಿ ಮಾಸೂಮ್ ರಝಾ, ಹಮೀದರ ಜೀವನ ಚರಿತ್ರೆ ಬರೆದರು. ಪುಸ್ತಕದ ಹೆಸರಿನ ಅರ್ಥ ಸಣ್ಣ ಮನುಷ್ಯನ ದೊಡ್ಡ ಕಥೆ. 1988ರಲ್ಲಿ ದೂರದರ್ಶನದ ಪರಮವೀರ ಚಕ್ರ ಧಾರಾವಾಹಿಯಲ್ಲಿ ನಸೀರುದ್ದೀನ್ ಶಾ ಹಮೀದರ ಪಾತ್ರ ಮಾಡಿದರು. 2000ದಲ್ಲಿ ಅಂಚೆ ಇಲಾಖೆ ಅಂಚೆಚೀಟಿ ತಂದಿತು. 2023ರಲ್ಲಿ ಅಂಡಮಾನ್ ನಿಕೋಬಾರ್‌ನ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ಹಮೀದರದ್ದಾಯಿತು.

ಆದರೆ ಮನೆಯ ಮಟ್ಟದಲ್ಲಿ ನೆನಪು ಉಳಿಸುವುದು ಅಷ್ಟು ಸುಲಭವಾಗಿರಲಿಲ್ಲ. 2008ರಲ್ಲಿ, ಇಳಿವಯಸ್ಸಿನಲ್ಲಿ, ರಸೂಲನ್ ಬೀಬಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರನ್ನು ಕಂಡು ಕೆಲವು ಬೇಡಿಕೆ ಇಟ್ಟರು. ತಮ್ಮ ಊರಲ್ಲಿ ಸೇನಾ ಭರ್ತಿ ಕೇಂದ್ರ ಬೇಕು. ಮನೆಯನ್ನು ಸ್ಮಾರಕವಾಗಿಸಬೇಕು. ಪತಿಯ ಬಲಿದಾನದ ದಿನವನ್ನು ದೇಶ ನೆನೆಯಬೇಕು. ಮೊಮ್ಮಕ್ಕಳಿಗೆ ಕೆಲಸ ಸಿಗಲು ನೆರವಾಗಬೇಕು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸೇನೆಗೆ ಗಂಡನನ್ನು ಕೊಟ್ಟ ಹೆಣ್ಣು 43 ವರ್ಷಗಳ ಬಳಿಕ ಕೇಳಿದ್ದು ತನ್ನ ಊರಿನ ಇನ್ನಷ್ಟು ಹುಡುಗರು ಸೇನೆ ಸೇರಲು ಒಂದು ದಾರಿ. ಜೊತೆಗೆ, ಸಂಕೋಚವಿಲ್ಲದೆ, ಮೊಮ್ಮಕ್ಕಳ ಅನ್ನದ ದಾರಿ. ಆಕೆಗೆ ದೇಶವೂ ಮನೆಯೂ ಎರಡಾಗಿರಲಿಲ್ಲ.

2017ರ ಸೆಪ್ಟೆಂಬರ್ 10ರಂದು ಅಂದಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಧಾಮೂಪುರಕ್ಕೆ ಬಂದು ಗೌರವ ಸಲ್ಲಿಸಿದರು. ವೃದ್ಧೆ ರಸೂಲನ್ ಬೀಬಿ ಅಲ್ಲಿದ್ದರು. ಮರುವರ್ಷಗಳಲ್ಲಿ ಆರೋಗ್ಯ ಕುಂದುತ್ತಾ ಹೋಗಿ 2019ರ ಆಗಸ್ಟ್‌ನಲ್ಲಿ ಅವರೂ ಕಣ್ಣು ಮುಚ್ಚಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಒಂದು ಸುಳ್ಳು ಮತ್ತು ಒಂದು ಸತ್ಯ

ಇಷ್ಟೆಲ್ಲ ಈಗೇಕೆ ನೆನಪಿಸಬೇಕು ಎಂದು ನೀವು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳಿಂದ ಮೊಬೈಲುಗಳಲ್ಲಿ ಒಂದು ಸುಳ್ಳು ಓಡಾಡುತ್ತಿದೆ. 1965ರಲ್ಲಿ ಭಾರತೀಯ ಸೇನೆಯ ‘ಮುಸ್ಲಿಂ ರೆಜಿಮೆಂಟ್’ ಪಾಕಿಸ್ತಾನದ ವಿರುದ್ಧ ಕಾದಾಡಲು ನಿರಾಕರಿಸಿತು, ಆದ್ದರಿಂದ ಅದನ್ನು ವಿಸರ್ಜಿಸಲಾಯಿತು ಎಂಬುದು ಆ ಸುಳ್ಳು. ಸ್ವತಂತ್ರ ಭಾರತದ ಸೇನೆಯಲ್ಲಿ ಮುಸ್ಲಿಂ ರೆಜಿಮೆಂಟ್ ಎಂಬುದು ಇರಲೇ ಇಲ್ಲ. ಇಲ್ಲದ ರೆಜಿಮೆಂಟ್ ನಿರಾಕರಿಸುವುದು ಹೇಗೆ? ಮುಸ್ಲಿಂ ಯೋಧರು ಗ್ರೆನೇಡಿಯರ್ಸ್, ರಜಪೂತಾನಾ ರೈಫಲ್ಸ್ ಮುಂತಾದ ರೆಜಿಮೆಂಟ್‌ಗಳಲ್ಲಿ ಇತರರ ಹೆಗಲಿಗೆ ಹೆಗಲು ಕೊಟ್ಟು ದುಡಿದಿದ್ದಾರೆ, ಇಂದಿಗೂ ದುಡಿಯುತ್ತಿದ್ದಾರೆ. ಅಸಲ್ ಉತ್ತರ್‌ನಲ್ಲಿ ಪ್ಯಾಟನ್‌ಗಳನ್ನು ತಡೆದು ನಿಂತ 4ನೇ ಗ್ರೆನೇಡಿಯರ್ಸ್‌ನಲ್ಲಿ ಮುಸ್ಲಿಂ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಯಾವ ವರ್ಷದ ಬಗ್ಗೆ ಸುಳ್ಳು ಹೇಳುತ್ತಾರೋ ಅದೇ ವರ್ಷ, ಅದೇ ಯುದ್ಧ, ಅದೇ ಶತ್ರು.

ಈ ಸುಳ್ಳಿನ ವಿರುದ್ಧ 2020ರ ಅಕ್ಟೋಬರ್‌ನಲ್ಲಿ ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ಎಲ್. ರಾಮದಾಸ್ ಸೇರಿದಂತೆ ಸುಮಾರು 120 ಮಂದಿ ನಿವೃತ್ತ ಯೋಧರು ರಾಷ್ಟ್ರಪತಿಯವರಿಗೂ ಪ್ರಧಾನಿಯವರಿಗೂ ಪತ್ರ ಬರೆದರು. ಇಂಥ ಪ್ರಚಾರ ಸೈನಿಕರ ಮನೋಬಲ ಕೆಡಿಸುತ್ತದೆ, ಕ್ರಮ ಕೈಗೊಳ್ಳಿ ಎಂಬುದು ಅವರ ಆಗ್ರಹ. ಸಹಿ ಹಾಕಿದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಜೊತೆಯಲ್ಲಿ ಕಂದಕದಲ್ಲಿ ಕುಳಿತು ಒಂದೇ ತಟ್ಟೆಯಲ್ಲಿ ಉಂಡವರಿಗೆ ಸತ್ಯ ಗೊತ್ತಿರುತ್ತದೆ.

ಇನ್ನೊಂದು ಘಟನೆ ತೀರಾ ಈಚಿನದು. 2025ರ ಫೆಬ್ರವರಿಯಲ್ಲಿ ಧಾಮೂಪುರದಲ್ಲಿ ಹಮೀದ್ ಕಲಿತ ಶಾಲೆಗೆ ಹೊಸ ಬಣ್ಣ ಬಳಿದಾಗ ದ್ವಾರದಲ್ಲಿದ್ದ ಅವರ ಹೆಸರು ಮಾಯವಾಯಿತು. ಮನೆಯವರು ಆಕ್ಷೇಪಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೆಲವು ದಿನಗಳಲ್ಲಿ ಹೆಸರು ಮತ್ತೆ ಬಂತು. ಈ ಘಟನೆಯಿಂದ ಕೋಪ ಮಾಡಿಕೊಂಡು ಕೂರುವುದಕ್ಕಿಂತ ಪಾಠ ಕಲಿಯುವುದು ಮೇಲು. ಗೋಡೆಯ ಮೇಲಿನ ಹೆಸರನ್ನು ಒಂದು ಕುಂಚ ಅಳಿಸಬಲ್ಲದು. ಮನೆಮನೆಯಲ್ಲಿ ಮಕ್ಕಳಿಗೆ ಗೊತ್ತಿರುವ ಹೆಸರನ್ನು ಅಳಿಸಲಾಗದು. ಆ ಹೆಸರು ಮರಳಿ ಬಂದದ್ದು ಯಾರೋ ಅದನ್ನು ನೆನಪಿಟ್ಟುಕೊಂಡಿದ್ದರಿಂದ.

ನಿಮ್ಮ ಮನೆಯ ಮಕ್ಕಳಿಗೆ

ನಮ್ಮ ದೇಶಪ್ರೇಮಕ್ಕೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ ಎಂದು ನಾವು ಹೇಳುತ್ತೇವೆ. ನಿಜ. ಆದರೆ ಇದನ್ನು ಸಿಟ್ಟಿನಿಂದ ಹೇಳುವುದು ಬೇರೆ, ತಿಳಿದು ಹೇಳುವುದು ಬೇರೆ. ಸಿಟ್ಟು ಮಾತ್ರ ಗೊತ್ತಿರುವ ಮಗು ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಜಗಳವಾಡಿ ಬರುತ್ತದೆ, ಇಲ್ಲವೇ ತಲೆತಗ್ಗಿಸಿ ಬರುತ್ತದೆ. ಕಥೆ ಗೊತ್ತಿರುವ ಮಗು ಸಮಾಧಾನದಿಂದ ಉತ್ತರ ಕೊಡುತ್ತದೆ. 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, 1965ರ ಅಬ್ದುಲ್ ಹಮೀದ್, 1999ರ ಕಾರ್ಗಿಲ್ ಯುದ್ಧದಲ್ಲಿ ತುರ್ತುಕ್‌ನಲ್ಲಿ ಮಡಿದ ಕ್ಯಾಪ್ಟನ್ ಹನೀಫುದ್ದೀನ್. ಈ ಮೂರು ಹೆಸರುಗಳನ್ನಾದರೂ ನಮ್ಮ ಮಕ್ಕಳು ವರ್ಷದ ಸಮೇತ ಹೇಳುವಂತಾಗಲಿ. ಅದರ ಜೊತೆಗೆ ಅದೇ 1965ರ ಇನ್ನೊಬ್ಬ ಪರಮವೀರ, ಪೂನಾ ಹಾರ್ಸ್‌ನ ಪಾರ್ಸಿ ಕರ್ನಲ್ ಅರ್ದೇಶಿರ್ ತಾರಾಪೋರ್ ಅವರ ಹೆಸರನ್ನೂ, ನಾಮ್ಕಾ ಚುವಿನ ಜಿ.ವಿ.ಪಿ. ರಾವ್ ಅವರ ಹೆಸರನ್ನೂ ಕಲಿಸಿ. ನಮ್ಮವರನ್ನು ಮಾತ್ರ ಎಣಿಸುವುದು ಹಮೀದ್ ಕಾದಾಡಿದ ಪಲ್ಟನ್‌ನ ರೀತಿಯಲ್ಲ.

ಕಥೆ ಹೇಳುವಾಗ ಟ್ಯಾಂಕು, ಶೆಲ್‌ಗಳಲ್ಲೇ ನಿಲ್ಲಿಸಬೇಡಿ. ಹೊಲಿಗೆ ಯಂತ್ರದ ಪಕ್ಕ ಕುಳಿತಿದ್ದ ಹುಡುಗನ ಬಗ್ಗೆ ಹೇಳಿ. ಉಗ್ರಾಣದಲ್ಲಿ ಕಂಬಳಿ ಎಣಿಸಿದ ಹವಾಲ್ದಾರರ ಬಗ್ಗೆ ಹೇಳಿ. ಹರಿದ ಹಗ್ಗ ಹಿಡಿದು ಇವತ್ತೊಂದು ದಿನ ನಿಲ್ಲಿ ಎಂದ ಹೆಂಡತಿಯ ಬಗ್ಗೆ ಹೇಳಿ. ಆ ಹೆಂಡತಿ ನಂತರ 54 ವರ್ಷ ತಲೆಯೆತ್ತಿ ಬದುಕಿದ್ದನ್ನು ಹೇಳಿ. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳಿ.

ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬರಾದರೂ ಇದ್ದೇ ಇರುತ್ತಾರೆ. ಯಾವ ಜಾತಿ, ಯಾವ ಧರ್ಮವೇ ಆಗಲಿ. ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಅವರ ಮಾತು ಕೇಳಿ. ಹಾಗೆಯೇ ಅವರ ಪತ್ನಿಯನ್ನೂ ಮಾತಾಡಿಸಿ. ಗಂಡ ಗಡಿಯಲ್ಲಿದ್ದಾಗ ಮನೆ ಹೇಗೆ ನಡೆಸಿದಿರಿ ಎಂದು ಕೇಳಿ. ಆ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಬಹುಶಃ ಯಾರೂ ಕೇಳಿರಲಿಕ್ಕಿಲ್ಲ.

ಅಸಲ್ ಉತ್ತರ್‌ನಲ್ಲಿ ಹಮೀದರ ಗೋರಿ ಇಂದಿಗೂ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 10ರಂದು ಅಲ್ಲಿ ಅವರನ್ನು ನೆನೆಯುತ್ತಾರೆ. ಸುತ್ತಲೂ ಹೊಲಗದ್ದೆಗಳು. ಅಲ್ಲಿ ಬೇಸಾಯ ಮಾಡುವವರು ಬಹುಪಾಲು ಸಿಖ್ಖರು. ತಮ್ಮ ಮಣ್ಣನ್ನು ಕಾಯಲು ಗಂಗೆಯ ದಡದಿಂದ ಬಂದು ಮರಳಿ ಹೋಗದ ದರ್ಜಿಯ ಮಗನನ್ನು ಅವರು ಮರೆತಿಲ್ಲ. ನಾವೂ ಮರೆಯದಿರೋಣ.

ಅಲ್ಲಾಹನು ಆ ದಂಪತಿಗೆ ಮಗ್ಫಿರತ್ ಕರುಣಿಸಲಿ. ಗಡಿಯಲ್ಲಿ ನಿಂತಿರುವ ಎಲ್ಲ ಮಕ್ಕಳನ್ನೂ ಅವರವರ ತಾಯಂದಿರ ಬಳಿಗೆ ಕ್ಷೇಮವಾಗಿ ಮರಳಿಸಲಿ. ಆಮೀನ್.